ಹತ್ತನೇ ಗಂಟೆಯ ಕಾಲಿಗೆ ಒಂದು ಶೂ

ನರ್ಸಿಂಗ್ ಮೊದಲ ವರ್ಷಕ್ಕೆ ಸೇರಿದಾಗ ಕೊಟ್ಟ ಪಟ್ಟಿಯಲ್ಲಿ ಶೂ ಬಗ್ಗೆ ಇದ್ದದ್ದು ಒಂದೇ ಸಾಲು. ಬಿಳಿ ಬಣ್ಣ, ಮುಂದೆ ಹಿಂದೆ ಮುಚ್ಚಿರಬೇಕು, ಹೀಲ್ಸ್ ಬೇಡ. ಸ್ಟೆತೊಸ್ಕೋಪ್ ಆರಿಸಲು ನಾನು ಒಂದು ವಾರ ತಲೆ ಕೆಡಿಸಿಕೊಂಡಿದ್ದೆ. ಶೂಗೆ ಕೊಟ್ಟದ್ದು ಹತ್ತು ನಿಮಿಷ. ಬೆಳಿಗ್ಗೆ ಅಂಗಡಿಗೆ ಹೋದೆ, ಸೈಜ್ 6 ಎಂದೆ, ಕೂತಲ್ಲೇ ಕಾಲು ತೂರಿಸಿದೆ, ಹಿಡಿಸಿತು, ಕಟ್ಟಿಸಿಕೊಂಡು ಬಂದೆ. ಆ ಹತ್ತು ನಿಮಿಷದಲ್ಲಿ ಏನೇನು ತಪ್ಪು ಮಾಡಿದ್ದೆ ಅಂತ ಪೂರ್ತಿ ತಿಳಿಯಲು ಆರು ವರ್ಷ ಬೇಕಾಯಿತು.

ಮೊದಲ ವಾರ್ಡ್ ಪೋಸ್ಟಿಂಗ್‌ನ ಮೂರನೇ ದಿನ ಎರಡೂ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತು. ಎರಡನೇ ವಾರಕ್ಕೆ ಬಲಗಾಲಿನ ಹೆಬ್ಬೆರಳ ಉಗುರು ಕಪ್ಪಾಯಿತು. ಸೀನಿಯರ್ ಅಕ್ಕ ಒಬ್ಬರು ನೋಡಿ, "ಹೊಸ ಶೂ ಅಲ್ವಾ, ಕಚ್ಚುತ್ತೆ. ಪಳಗಿದ ಮೇಲೆ ಸರಿ ಹೋಗುತ್ತೆ ಬಿಡು" ಎಂದರು. ನಾನೂ ನಂಬಿದೆ. ಚರ್ಮದ ಶೂ ಅಗಲದಲ್ಲಿ ಸ್ವಲ್ಪ ಸಡಿಲ ಆಗುವುದು ನಿಜ. ಉದ್ದದಲ್ಲಿ ಮಾತ್ರ ಅದು ಒಂದು ಕೂದಲೆಳೆಯೂ ಬೆಳೆಯುವುದಿಲ್ಲ. ಪಳಗಿದ್ದು ಶೂ ಅಲ್ಲ, ನಾನು. ಬೆರಳು ಮಡಚಿಕೊಂಡು ನಡೆಯುವುದನ್ನು ಕಲಿತೆ. ಉಗುರು ಕೊನೆಗೆ ಬಿದ್ದೇ ಹೋಯಿತು.

ಕೆಲಸಕ್ಕೆ ಸೇರಿದ ಮೇಲೆ, ಇನ್ನು ಈ ಗಟ್ಟಿ ಶೂ ಸಾಕಪ್ಪಾ ಅಂತ ಪೂರ್ತಿ ಎದುರು ದಿಕ್ಕಿಗೆ ಹೋದೆ. ಒಳಗೆ ಮೆಮೊರಿ ಫೋಮ್ ಇದ್ದ, ಬಲೂನಿನಷ್ಟು ಹಗುರವಾದ ಶೂ. ಕಾಲಿಟ್ಟರೆ ಹತ್ತಿ ಮೂಟೆಯ ಮೇಲೆ ನಿಂತ ಹಾಗೆ. ಅಂಗಡಿಯಲ್ಲೇ ನಗು ಬಂತು. ಮೊದಲ ತಿಂಗಳು ಕಂಡವರಿಗೆಲ್ಲ ಅದನ್ನೇ ತೆಗೆದುಕೊಳ್ಳಿ ಅಂತ ಹೇಳಿದೆ. ಇಬ್ಬರು ತೆಗೆದುಕೊಂಡರೂ ಕೂಡ. ಆ ಪಾಪ ನನ್ನ ತಲೆ ಮೇಲೆ ಇನ್ನೂ ಇದೆ.

ನಾಲ್ಕನೇ ತಿಂಗಳಲ್ಲಿ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಎಡ ಹಿಮ್ಮಡಿಗೆ ಮೊಳೆ ಚುಚ್ಚಿದ ಹಾಗಾಯಿತು. ಹತ್ತು ಹೆಜ್ಜೆ ನಡೆದರೆ ಕಡಿಮೆ. ಡ್ಯೂಟಿಯಲ್ಲಿ ಅರ್ಧ ಗಂಟೆ ಕೂತು ಚಾರ್ಟ್ ಬರೆದು ಎದ್ದರೆ ಮತ್ತೆ ಅದೇ ಮೊಳೆ. ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಅರ್ಧ ನಿಮಿಷದಲ್ಲಿ "ಪ್ಲಾಂಟಾರ್ ಫೇಶಿಯೈಟಿಸ್ ಇರಬಹುದು, ತೋರಿಸಿ" ಎನ್ನುತ್ತಿದ್ದೆ. ನನ್ನದೇ ಕಾಲು ಅಂದಾಗ ಎರಡು ತಿಂಗಳು ಸುಮ್ನೆ ಮುಲಾಮು ಹಚ್ಚಿಕೊಂಡು ಓಡಾಡಿದೆ.

ಕೊನೆಗೆ ಫಿಸಿಯೋಥೆರಪಿ ವಿಭಾಗದ ಮೇಡಂ ಹತ್ತಿರ ಹೋದೆ. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನ ಅಡಿ ಒಂದು ದಪ್ಪ ಪಟ್ಟಿ ಹಾದಿರುತ್ತದೆ. ಪಾದದ ಕಮಾನನ್ನು ಬಿಲ್ಲಿನ ಹೆದೆಯ ಹಾಗೆ ಎಳೆದು ಹಿಡಿದಿರುವುದು ಅದೇ. ಅದರ ಮೇಲೆ ದಿನವೂ ಭಾರ ಜಾಸ್ತಿ ಬಿದ್ದರೆ ಹಿಮ್ಮಡಿಗೆ ಅಂಟಿಕೊಂಡ ಜಾಗ ಹಾಳಾಗುತ್ತದೆ. ರಾತ್ರಿ ಮಲಗಿದಾಗ ಸಡಿಲವಾಗಿದ್ದ ಪಟ್ಟಿಯನ್ನು ಬೆಳಗಿನ ಮೊದಲ ಹೆಜ್ಜೆ ಒಮ್ಮೆಲೇ ಎಳೆಯುತ್ತದೆ. ಇದೆಲ್ಲ ನನಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಅವರು ಆಮೇಲೆ ಮಾಡಿದ್ದು. "ಶೂ ಬಿಚ್ಚಿ, ಮೇಜಿನ ಮೇಲಿಡಿ" ಎಂದರು.

ಹಿಮ್ಮಡಿ ಕೂರುವ ಹಿಂಭಾಗವನ್ನು ಎರಡು ಬೆರಳಲ್ಲಿ ಒತ್ತಿದರು. ಕಾಗದದ ಲೋಟದ ಹಾಗೆ ಚಪ್ಪಟೆಯಾಯಿತು. ಎರಡು ತುದಿ ಹಿಡಿದು ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿದರು, ಪೂರ್ತಿ ತಿರುಚಿಕೊಂಡಿತು. ಮೂತಿ ಹಿಡಿದು ಮೇಲಕ್ಕೆ ಬಾಗಿಸಿದರು, ಸರಿಯಾಗಿ ನಡುಮಧ್ಯದಲ್ಲಿ ಮಡಚಿತು. ನಮ್ಮ ಪಾದ ನಡುವಿನಲ್ಲಿ ಮಡಚುವುದಿಲ್ಲ, ಬೆರಳುಗಳ ಬುಡದಲ್ಲಿ ಮಡಚುತ್ತದೆ. ಶೂ ಕೂಡ ಅಲ್ಲೇ ಮಡಚಬೇಕು. "ಇದು ಶೂ ಅಲ್ಲ ಸಿಸ್ಟರ್, ಕಾಲುಚೀಲಕ್ಕೆ ಅಟ್ಟೆ ಅಂಟಿಸಿದ್ದಾರೆ" ಎಂದರು. ಒಳಗಿನ ಮೆಮೊರಿ ಫೋಮ್ ಹಿಮ್ಮಡಿಯ ಜಾಗದಲ್ಲಿ ಹಪ್ಪಳದಷ್ಟು ತೆಳ್ಳಗಾಗಿತ್ತು. ಎರಡು ನಿಮಿಷಕ್ಕೆ ಮೆತ್ತಗೆ ಕಂಡದ್ದು ಹನ್ನೆರಡು ಗಂಟೆಯ ಭಾರಕ್ಕೆ ಪೂರ್ತಿ ಕುಸಿಯುತ್ತಿತ್ತು.

ಆಮೇಲೆ ಒಂದು ಬಿಳಿ ಹಾಳೆ ನೆಲಕ್ಕೆ ಹಾಕಿ ಬರಿಗಾಲಲ್ಲಿ ನಿಲ್ಲಿಸಿದರು. ಸುತ್ತ ಪೆನ್ಸಿಲ್ ಎಳೆದರು. ಆ ಗೆರೆಯ ಮೇಲೆ ನನ್ನ ಶೂ ಇಟ್ಟರು. ಎರಡೂ ಬದಿಯಲ್ಲಿ ನನ್ನ ಪಾದ ಹೊರಗೆ ಇಣುಕುತ್ತಿತ್ತು. ಅಷ್ಟು ವರ್ಷ ಆ ಗೆರೆಯನ್ನು ಇಂಥ ಡಬ್ಬಿಗಳೊಳಗೆ ತುರುಕಿದ್ದೆ. ಅವತ್ತು ಸಂಜೆ, ಡ್ಯೂಟಿ ಮುಗಿಸಿ ಹೋಗಿದ್ದೆ ಅನ್ನುವುದು ಮುಖ್ಯ. "ಶೂ ತಗೊಳ್ಳೋದು ಬೆಳಗ್ಗೆ ಏಳು ಗಂಟೆಯ ಕಾಲಿಗಲ್ಲ, ಹತ್ತನೇ ಗಂಟೆಯ ಕಾಲಿಗೆ" ಎಂದರು. ನಿಂತು ನಿಂತು ರಕ್ತ, ನೀರು ಕೆಳಗಿಳಿದು ಸಂಜೆಗೆ ಪಾದ ಊದಿಕೊಳ್ಳುತ್ತದೆ. ಭಾರ ಬಿದ್ದಾಗ ಉದ್ದವೂ ಅಗಲವೂ ಆಗುತ್ತದೆ. ನಾನು ಬೆಳಿಗ್ಗೆ ಹೋಗಿ, ಕೂತು, ಖಾಲಿ ಕಾಲಿಗೆ ಶೂ ತಂದಿದ್ದೆ.

ಹಾಗಾದರೆ ಯಾವ ಕಂಪನಿಯದು ತಗೊಳ್ಳಲಿ ಅಂತ ಕೇಳಿದೆ. ಎಲ್ಲರೂ ಕೇಳುವುದು ಇದನ್ನೇ. ಅವರು ಕಂಪನಿ ಹೇಳಲಿಲ್ಲ. "ಒಂದು ವಾರ ನಿಮ್ಮ ಡ್ಯೂಟಿ ನೋಡ್ಕೊಳ್ಳಿ" ಎಂದರು.

ನೋಡಿಕೊಂಡೆ. ಫೋನನ್ನು ಜೇಬಿನಲ್ಲಿಟ್ಟು ಹೆಜ್ಜೆ ಎಣಿಸಿದೆ. ವಾರ್ಡ್ ತುಂಬಿದ್ದ ದಿನ 15 ಸಾವಿರ ದಾಟುತ್ತಿತ್ತು, ನೈಟ್ ಡ್ಯೂಟಿಯಲ್ಲಿ 9 ಸಾವಿರದ ಆಸುಪಾಸು. ಆದರೆ ಹೆಜ್ಜೆಯ ಲೆಕ್ಕ ಅರ್ಧ ಕತೆ ಅಷ್ಟೇ. ಔಷಧಿ ಟ್ರಾಲಿ ಎದುರು ಎಷ್ಟು ಹೊತ್ತು ಕದಲದೆ ನಿಲ್ಲುತ್ತೇನೆ, ಯೂರಿನ್ ಬ್ಯಾಗ್ ನೋಡಲು ದಿನಕ್ಕೆ ಎಷ್ಟು ಸಲ ಕುಕ್ಕರಗಾಲಲ್ಲಿ ಕೂರುತ್ತೇನೆ, ಡ್ರಿಪ್ ಬಾಟಲಿಗೆ ಎಷ್ಟು ಸಲ ತುದಿಗಾಲಲ್ಲಿ ನಿಲ್ಲುತ್ತೇನೆ, ರೋಗಿಯನ್ನು ಮಗ್ಗುಲಿಗೆ ಹೊರಳಿಸುವಾಗ ಯಾವ ಕಾಲಿನ ಮೇಲೆ ಭಾರ ಹಾಕುತ್ತೇನೆ, ಇದೊಂದನ್ನೂ ಫೋನ್ ಹೇಳುವುದಿಲ್ಲ. ನನ್ನದು ನಡೆಯುವ ಕೆಲಸ. ಆಪರೇಷನ್ ಥಿಯೇಟರಿನಲ್ಲಿರುವ ನನ್ನ ಗೆಳತಿಯದು ನಿಲ್ಲುವ ಕೆಲಸ. ನಾಲ್ಕು ಗಂಟೆ ಒಂದೇ ಟೈಲ್ಸ್ ಮೇಲೆ ನಿಲ್ಲುವ ಅವಳಿಗೆ ದಪ್ಪ, ಗಟ್ಟಿ ಅಟ್ಟೆಯ ಕ್ಲಾಗ್, ಅಂದರೆ ಲೇಸಿಲ್ಲದೆ ಕಾಲು ತೂರಿಸುವ ಶೂ, ಹಿಡಿಸುತ್ತದೆ. ತೊಳೆಯಲೂ ಸುಲಭ. ಅದನ್ನೇ ಹಾಕಿಕೊಂಡು ನಾನು ಒಂದು ದಿನ ವಾರ್ಡ್‌ನಲ್ಲಿ ಓಡಾಡಿದೆ. ಮಧ್ಯಾಹ್ನಕ್ಕೆ ಮೀನಖಂಡ ಹಿಡಿದುಕೊಂಡಿತು. ಹಿಂದೆ ಪಟ್ಟಿಯಿಲ್ಲದ ಕ್ಲಾಗ್ ಜಾರಿ ಹೋಗದಂತೆ ಬೆರಳುಗಳು ಪ್ರತಿ ಹೆಜ್ಜೆಗೂ ಅದನ್ನು ಬಿಗಿಯಾಗಿ ಹಿಡಿಯುತ್ತಿರುತ್ತವೆ. ನಿಂತಲ್ಲೇ ನಿಲ್ಲುವವರಿಗೆ ಅದು ಗೊತ್ತಾಗುವುದಿಲ್ಲ.

ಇಷ್ಟರ ನಡುವೆ ಪಾದದ ಕಮಾನಿನ ಹುಚ್ಚು ಹತ್ತಿತು. ಒದ್ದೆ ಕಾಲಿನ ಗುರುತು ನೆಲದ ಮೇಲೆ ಮೂಡಿಸಿ, ಚಪ್ಪಟೆ ಪಾದವೋ ಎತ್ತರದ ಕಮಾನೋ ಅಂತ ನೋಡಿ, ಅದಕ್ಕೆ ತಕ್ಕ ಶೂ ತೆಗೆದುಕೊಳ್ಳಬೇಕು ಅಂತ ಎಲ್ಲ ಕಡೆ ಹೇಳುತ್ತಾರೆ. ಮನೆಯ ನೆಲದ ತುಂಬ ನನ್ನ ಒದ್ದೆ ಹೆಜ್ಜೆ. ಇದನ್ನು ಹೇಳಿದಾಗ ಫಿಸಿಯೋ ಮೇಡಂ ನಕ್ಕರು. ಅಮೆರಿಕದ ಸೇನೆಯ ಹೊಸಬರ ಮೇಲೆ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರಂತೆ. ಕೆಲವರಿಗೆ ಪಾದದ ಆಕಾರ ನೋಡಿ ಶೂ ಕೊಟ್ಟರು, ಉಳಿದವರಿಗೆ ನೋಡದೆ ಒಂದೇ ಬಗೆಯದನ್ನು ಕೊಟ್ಟರು. ಗಾಯಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬೆನ್ನೊ ನಿಗ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು 2015ರಲ್ಲಿ ಓಟಗಾರರ ಬಗ್ಗೆ ಬರೆಯುತ್ತಾ, ಹಾಕಿಕೊಂಡವರಿಗೆ ಯಾವುದು ಹಿತವೋ ಅದನ್ನು ಆರಿಸುವುದೇ ಒಳ್ಳೆಯ ಜರಡಿ ಎಂಬ ಅರ್ಥದ ಮಾತು ಹೇಳಿದರು. ನಾವು ಓಟಗಾರರಲ್ಲ, ಸರಿ. ಆದರೂ ನನಗೆ ಅದು ಸಮಾಧಾನ ಕೊಟ್ಟಿತು. ಹಿತ ಎಂದರೆ ಮೆತ್ತಗಿರುವುದು ಅಂತ ತಪ್ಪು ತಿಳಿದಿದ್ದೆ, ಅಷ್ಟೇ.

ಮೂರನೇ ಸಲ ಅಂಗಡಿಗೆ ಹೋದದ್ದು ಮಾರ್ನಿಂಗ್ ಡ್ಯೂಟಿ ಮುಗಿಸಿ, ಸಂಜೆ. ಡ್ಯೂಟಿಯಲ್ಲಿ ಹಾಕುವ ಅದೇ ಕಾಲುಚೀಲ, ಕೈಯಲ್ಲಿ ಹಳೆಯ ಶೂ, ಚೀಲದಲ್ಲಿ ಆ ಪೆನ್ಸಿಲ್ ಗೆರೆಯ ಹಾಳೆ. ಮೊದಲ ಅಂಗಡಿಯ ಹುಡುಗ ಹಾಳೆ ನೋಡಿ ಕಕ್ಕಾಬಿಕ್ಕಿಯಾದ. "ಮೇಡಂ, ಎರಡು ದಿನ ಹಾಕಿದ್ರೆ ಲೂಸ್ ಆಗುತ್ತೆ" ಎಂಬ ಹಳೆಯ ಮಂತ್ರ ಶುರು ಮಾಡಿದ. ಎದ್ದು ಬಂದೆ.

ಎರಡನೇ ಅಂಗಡಿಯಲ್ಲಿ ಕಾಲು ಅಳೆಯುವ ಲೋಹದ ತಟ್ಟೆ ಇತ್ತು. ಅಂಚಿನಲ್ಲಿ ಜಾರುವ ಪಟ್ಟಿ, ಮೇಲೆ ಅಂಕಿಗಳು. ಚಾರ್ಲ್ಸ್ ಬ್ರಾನಾಕ್ ಎಂಬಾತ 1920ರ ದಶಕದಲ್ಲಿ ಮಾಡಿದ ಸಾಧನ ಅದು, ಈಗಲೂ ಹೆಚ್ಚು ಬದಲಾಗಿಲ್ಲ. ಅದು ಬರೀ ಉದ್ದ ಅಳೆಯುವುದಿಲ್ಲ. ಅಗಲವನ್ನೂ ಅಳೆಯುತ್ತದೆ, ಹಿಮ್ಮಡಿಯಿಂದ ಹೆಬ್ಬೆರಳ ಬುಡದ ಗಂಟಿನವರೆಗಿನ ದೂರವನ್ನೂ ಅಳೆಯುತ್ತದೆ. ಒಂದೇ ಉದ್ದದ ಎರಡು ಪಾದಗಳಲ್ಲಿ ಆ ಗಂಟು ಬೇರೆ ಬೇರೆ ಕಡೆ ಇರಬಹುದು. ಆಗ ಒಂದೇ ಶೂ ಒಬ್ಬರಿಗೆ ಸರಿಯಾಗಿ ಮಡಚುತ್ತದೆ, ಇನ್ನೊಬ್ಬರಿಗೆ ತಪ್ಪು ಜಾಗದಲ್ಲಿ. ನನ್ನ ಬಲಗಾಲು 6ಕ್ಕೂ 7ಕ್ಕೂ ನಡುವೆ, ಎಡಗಾಲು 6. ಎರಡೂ ಅಗಲ. ಕಾಲೇಜಿಗೆ ಸೇರುವ ಮೊದಲು ಯಾವಾಗಲೋ ಅಳೆದ ನಂಬರನ್ನೇ ಇಷ್ಟು ವರ್ಷ ಜಪ ಮಾಡಿದ್ದೆ.

ನಂಬರ್ ಅಂದೆ, ಅದರದ್ದೇ ಒಂದು ತಮಾಷೆ. ಬ್ರಿಟಿಷ್ ಅಳತೆಯಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ನಡುವಿನ ಅಂತರ ಒಂದು ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿ.ಮೀ. ಹಳೆಯ ಕಾಲದ ಜವೆಗೋಧಿ ಕಾಳಿನ ಅಳತೆ ಅದು! ಯುರೋಪಿನ ಅಳತೆಯಲ್ಲಿ ಒಂದು ನಂಬರಿಗೆ ಸುಮಾರು 6.7 ಮಿ.ಮೀ. ಅಮೆರಿಕದ ನಂಬರಂತೂ ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ. ಹಾಗಾಗಿ ಡಬ್ಬಿಯ ಮೇಲಿನ ನಂಬರನ್ನು ದಾರಿ ತೋರುವ ಬೋರ್ಡಿನ ಹಾಗೆ ನೋಡಬೇಕು, ಊರು ಅಲ್ಲೇ ಇರುವುದಿಲ್ಲ.

ಆ ಅಂಗಡಿಯಲ್ಲಿ ಮುಕ್ಕಾಲು ಗಂಟೆ ಕಳೆದೆ. ಏಳು ಜೋಡಿ ನೋಡಿದೆ. ಪ್ರತಿಯೊಂದರ ಒಳ ಅಟ್ಟೆಯನ್ನು ಮೊದಲು ಹೊರಗೆ ತೆಗೆದು ನೆಲಕ್ಕಿಟ್ಟು ಅದರ ಮೇಲೆ ನಿಂತೆ. ಪಾದ ಅಂಚು ದಾಟಿ ಹರಿದರೆ ಆ ಶೂ ಅಲ್ಲಿಗೇ ಮುಗಿಯಿತು, ಹಾಕಿ ನೋಡುವ ಕೆಲಸವೇ ಇಲ್ಲ. ಏಳರಲ್ಲಿ ನಾಲ್ಕು ಹೀಗೇ ಹೋದವು. ಉಳಿದ ಮೂರನ್ನು ಒತ್ತಿ, ತಿರುಚಿ, ಬಾಗಿಸಿ ನೋಡಿದೆ. ಆಮೇಲೆ ಎರಡೂ ಕಾಲಿಗೆ ಹಾಕಿ ಎದ್ದು ನಿಂತು, ಎಲ್ಲಕ್ಕಿಂತ ಉದ್ದದ ಬೆರಳ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಇದೆಯಾ ಎಂದು ಒತ್ತಿ ನೋಡಿದೆ. ನನ್ನ ಉದ್ದದ ಬೆರಳು ಹೆಬ್ಬೆರಳಲ್ಲ, ಅದರ ಪಕ್ಕದ್ದು. ಇದೂ ನನಗೆ ಅವತ್ತೇ ಗೊತ್ತಾದದ್ದು.

ಆಮೇಲೆ ಅಂಗಡಿಯೊಳಗೇ ಡ್ಯೂಟಿ ಮಾಡಿದೆ. ಬೇಗ ಬೇಗ ನಡೆದೆ, ಗಕ್ಕನೆ ನಿಂತೆ, ತಿರುಗಿದೆ. ಕುಕ್ಕರಗಾಲಲ್ಲಿ ಕೂತು ಇಲ್ಲದ ಯೂರಿನ್ ಬ್ಯಾಗ್ ನೋಡಿದೆ. ತುದಿಗಾಲಲ್ಲಿ ಇಲ್ಲದ ಡ್ರಿಪ್ ಬಾಟಲಿ ಬದಲಾಯಿಸಿದೆ. ಬೇರೆ ಗಿರಾಕಿಗಳು ನೋಡುತ್ತಿದ್ದರು. ನೋಡಲಿ. ಕೂತಾಗ ಒಂದು ಜೋಡಿಯ ಹಿಂಭಾಗ ಹಿಮ್ಮಡಿಯಿಂದ ಕಳಚಿತು, ಅದು ಹೊರಗೆ. ಇನ್ನೊಂದು ತಿರುಗುವಾಗ ಕಿರುಬೆರಳಿಗೆ ಒತ್ತಿತು. ಉಳಿದದ್ದು ಒಂದು, ಅದೂ ಗಂಡಸರ ವಿಭಾಗದ್ದು. ಅದೇ ಉದ್ದಕ್ಕೆ ಗಂಡಸರ ಶೂ ಸಾಮಾನ್ಯವಾಗಿ ಅಗಲ ಜಾಸ್ತಿ ಇರುತ್ತದೆ. ಅಗಲ ಪಾದದ ಹೆಂಗಸರು ಆ ಕಡೆಯ ಕಪಾಟನ್ನೂ ಒಮ್ಮೆ ನೋಡಬೇಕು ಅಂತ ನನಗೆ ಯಾರೂ ಹೇಳಿರಲೇ ಇಲ್ಲ.

ಮೇಲ್ಭಾಗದ ವಿಷಯದಲ್ಲಿ ಮಾತ್ರ ಮನಸ್ಸು ಒಪ್ಪದೆ ಒಪ್ಪಿಕೊಂಡೆ. ಬಲೆಯ ಹಾಗಿರುವ ಮೆಶ್ ಶೂ ನನಗೆ ಇಷ್ಟ, ಗಾಳಿ ಆಡುತ್ತದೆ. ಆದರೆ ರಕ್ತ, ವಾಂತಿ, ಬೆಟಾಡಿನ್ ಎಲ್ಲವನ್ನೂ ಅದು ಕುಡಿಯುತ್ತದೆ. ತೂತಿರುವ ಕ್ಲಾಗ್ ಕೂಡ ಅಷ್ಟೇ. ಒಮ್ಮೆ ನನ್ನ ಕೈಯಿಂದ ಜಾರಿದ ಸೂಜಿ ನೇರ ಶೂವಿನ ಮೂತಿಗೆ ಬಡಿದು ಪಕ್ಕಕ್ಕೆ ಉರುಳಿತು. ಆ ದಿನ ಕಾಲಲ್ಲಿ ಮೆಶ್ ಇದ್ದಿದ್ದರೆ? ಅದಕ್ಕೇ ಒರೆಸಿದರೆ ಹೋಗುವ ನುಣುಪಾದ ಮೇಲ್ಭಾಗವನ್ನೇ ತೆಗೆದುಕೊಂಡೆ.

ಅಟ್ಟೆಯ ವಿಷಯದಲ್ಲಿ ಮನಸ್ಸಿಗೆ ಎರಡು ಮಾತಿರಲಿಲ್ಲ. ನೆಲ ಒರೆಸಿದ ಹತ್ತು ನಿಮಿಷದೊಳಗೆ ಟ್ರೇ ಹಿಡಿದು ಓಡಿ ಜಾರಿದ ಅನುಭವ ನನಗಿದೆ. ಟ್ರೇ ಉಳಿಯಿತು, ಮೊಣಕೈ ಉಳಿಯಲಿಲ್ಲ. ಕೆಲಸದ ಶೂಗಳಿಗೆ ಇಎನ್ ಐಎಸ್ಒ 20347 ಎಂಬ ಮಾನದಂಡ ಇದೆ. ಹಳೆಯ ಗುರುತಿನಲ್ಲಿ ಎಸ್‌ಆರ್‌ಸಿ ಅಂತ ಬರೆದಿದ್ದರೆ, ಸೋಪು ನೀರು ಹಾಕಿದ ಟೈಲ್ಸ್ ಮೇಲೂ ಗ್ಲಿಸರಿನ್ ಹಾಕಿದ ಉಕ್ಕಿನ ಮೇಲೂ ಜಾರುತ್ತದೆಯೇ ಎಂದು ಪರೀಕ್ಷಿಸಿ ಪಾಸಾಗಿದೆ ಎಂದರ್ಥ. ನನಗೆ ಸಿಕ್ಕ ಶೂಗೆ ಆ ಗುರುತು ಇತ್ತು. ಇಲ್ಲದಿದ್ದರೆ ನೋಡಬೇಕಾದದ್ದು ರಬ್ಬರ್ ಅಟ್ಟೆ, ನೀರು ಹೊರಗೆ ಹರಿಯಲು ಗೀರುಗಳು. ಗೀರು ಸವೆದು ನುಣ್ಣಗಾದ ದಿನ ಆ ಗುರುತಿಗೆ ಬೆಲೆ ಇಲ್ಲ. ಇನ್ನೊಂದು ಚಿಕ್ಕ ವಿಷಯ: ನಡೆದಾಗ ಕೀಚ್ ಕೀಚ್ ಅನ್ನುತ್ತದೆಯೇ ಅಂತ ಅಂಗಡಿಯ ಟೈಲ್ಸ್ ಮೇಲೇ ಕೇಳಿಸಿಕೊಳ್ಳಿ. ರಾತ್ರಿ ಎರಡು ಗಂಟೆಗೆ, ಈಗಷ್ಟೇ ಕಣ್ಣು ಮುಚ್ಚಿದ ರೋಗಿಯ ಪಕ್ಕದಲ್ಲಿ ಆ ಸದ್ದು ಮಾಡಿಕೊಂಡು ನಡೆದವರಿಗೆ ಗೊತ್ತು ಅದರ ಸಂಕಟ.

ಮನೆಗೆ ತಂದರೂ ಡ್ಯೂಟಿಗೆ ಹಾಕಲಿಲ್ಲ. ಕೊಳೆಯಾಗದಿದ್ದರೆ ಬದಲಾಯಿಸಿ ಕೊಡುತ್ತೇವೆ ಎಂದಿದ್ದರು. ನಾಲ್ಕು ಸಂಜೆ ಮನೆಯ ಒಳಗೇ ಎರಡೆರಡು ಗಂಟೆ ಹಾಕಿಕೊಂಡು ಓಡಾಡಿದೆ. ಹಿಮ್ಮಡಿ ಚೂರು ಏಳುತ್ತಿತ್ತು. ಮೇಲ್ಗಡೆ, ಎಲ್ಲರೂ ಖಾಲಿ ಬಿಡುವ ಕೊನೆಯ ತೂತಿನಲ್ಲಿ ಲೇಸನ್ನು ಅದೇ ಬದಿಗೆ ಹಾಕಿ ಒಂದು ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಅದರೊಳಗೆ ತೂರಿಸಿ ಎಳೆದು ಕಟ್ಟಿದೆ. ಹಿಮ್ಮಡಿ ಹಿಂದಕ್ಕೆ ಹೋಗಿ ಕೂತಿತು. ಆ ತೂತು ಯಾಕಿದೆ ಅಂತ ಅಷ್ಟು ವರ್ಷ ಯೋಚಿಸಿಯೇ ಇರಲಿಲ್ಲ.

ಕಾಲುಚೀಲ ಬದಲಾಯಿಸಿದ್ದು ಇನ್ನೂ ಅಗ್ಗದ ಉಪಕಾರ. ಬರೀ ಹತ್ತಿಯದು ಬೆವರು ಕುಡಿದು ಒದ್ದೆಯಾಗಿಯೇ ಇರುತ್ತದೆ, ಗುಳ್ಳೆ ಏಳಲು ಅದೂ ಒಂದು ಕಾರಣ. ಬೇಗ ಒಣಗುವ ನೂಲು ಬೆರೆಸಿದ್ದನ್ನು ತೆಗೆದುಕೊಂಡೆ. ಕಾಲು ಊದುವವರು ಬಿಗಿಯಾದ ಕಂಪ್ರೆಶನ್ ಕಾಲುಚೀಲ ಹಾಕುತ್ತಾರೆ, 15ರಿಂದ 20 ಎಂಎಂಎಚ್‌ಜಿ ಒತ್ತಡದ್ದು. ನನಗೆ ಸಂಜೆಯ ಭಾರ ಕಡಿಮೆಯಾಯಿತು. ಆದರೆ ಕಾಲಿನ ರಕ್ತನಾಳದ ತೊಂದರೆ, ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿಯುವುದು ಇದ್ದವರು ಡಾಕ್ಟರನ್ನು ಕೇಳದೆ ಹಾಕಬಾರದು.

ಶೂ ಹಾಕಿದ ಮರುದಿನ ನೋವು ಮಾಯವಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಮೀನಖಂಡ ಎಳೆಯುವ ವ್ಯಾಯಾಮ, ಅಂಗಾಲಿನ ಕೆಳಗೆ ಬಾಟಲಿ ಉರುಳಿಸುವುದು, ಹಾಸಿಗೆಯಿಂದ ಇಳಿಯುವ ಮೊದಲು ಬೆರಳುಗಳನ್ನು ಕೈಯಲ್ಲಿ ಹಿಂದಕ್ಕೆ ಎಳೆಯುವುದು, ಇವೆಲ್ಲ ಸೇರಿ ಐದು ತಿಂಗಳು ಹಿಡಿಯಿತು. ಶೂ ಮಾಡಿದ್ದು ಇಷ್ಟೇ: ದಿನವೂ ಹೊಸದಾಗಿ ಗಾಯ ಮಾಡುವುದನ್ನು ನಿಲ್ಲಿಸಿತು.

ಮುಂದಿನ ಸಂಬಳಕ್ಕೆ ಅದೇ ಮಾದರಿಯ ಇನ್ನೊಂದು ಜೋಡಿ ತಂದೆ. ಒಂದು ದಿನ ಇದು, ಒಂದು ದಿನ ಅದು. ಹನ್ನೆರಡು ಗಂಟೆಯ ಬೆವರು ಒಂದು ರಾತ್ರಿಯಲ್ಲಿ ಪೂರ್ತಿ ಆರುವುದಿಲ್ಲ. ಬಿಸಿಲಿಗೆ ಇಟ್ಟರೆ ಅಂಟು ಬಿಡುತ್ತದೆ, ಹಾಗಾಗಿ ಒಳ ಅಟ್ಟೆ ಹೊರಗೆ ತೆಗೆದು ನೆರಳಲ್ಲೇ ಇಡುತ್ತೇನೆ. ಒಳ ಅಟ್ಟೆಯ ಹಿಂಭಾಗದಲ್ಲಿ ಮಾರ್ಕರ್‌ನಿಂದ ತೆಗೆದುಕೊಂಡ ತಾರೀಕು ಬರೆದಿದ್ದೇನೆ, ಸ್ಟೆರೈಲ್ ಪ್ಯಾಕಿನ ಮೇಲೆ ಬರೆಯುವ ಹಾಗೆ. ಹೊರಗಿನ ರಬ್ಬರ್ ಚೆನ್ನಾಗಿಯೇ ಕಾಣುತ್ತಿರುತ್ತದೆ, ಒಳಗಿನ ಫೋಮ್ ಮೊದಲೇ ಸತ್ತಿರುತ್ತದೆ. ಓಟದ ಶೂಗಳಿಗೆ 500ರಿಂದ 800 ಕಿ.ಮೀ. ಆಯಸ್ಸು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ದಿನಕ್ಕೆ ಎಂಟು ಹತ್ತು ಕಿ.ಮೀ. ನಡೆಯುವವರು ಲೆಕ್ಕ ಹಾಕಿದರೆ ಎದೆ ಧಸಕ್ ಅನ್ನುತ್ತದೆ. ನಾನು ತಾರೀಕು ನೋಡಿ ಎಸೆಯುವುದಿಲ್ಲ. ಮಧ್ಯದ ಫೋಮಿನಲ್ಲಿ ಅಡ್ಡ ಸುಕ್ಕು ಬಿದ್ದಿದೆಯಾ, ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿದರೆ ಒಂದು ಕಡೆ ವಾಲುತ್ತದೆಯಾ ಅಂತ ನೋಡುತ್ತೇನೆ.

ಕಳೆದ ವಾರ ಮೊದಲ ವರ್ಷದ ಹುಡುಗಿಯೊಬ್ಬಳು ನಮ್ಮ ವಾರ್ಡ್‌ಗೆ ಬಂದಳು. ಹ್ಯಾಂಡೋವರ್ ವೇಳೆ ಒಂದು ಕಾಲು ಎತ್ತಿ ಇನ್ನೊಂದರ ಮೇಲೆ ನಿಲ್ಲುತ್ತಿದ್ದಳು. "ಹೊಸ ಶೂ ಅಕ್ಕ, ಪಳಗಬೇಕು ಅಷ್ಟೆ" ಎಂದಳು. ಬಿಚ್ಚು ಎಂದೆ. ಹೆಬ್ಬೆರಳ ಉಗುರಿನ ಮೂಲೆ ಕಪ್ಪು ತಿರುಗಲು ಶುರುವಾಗಿತ್ತು. ಯಾವ ಕಂಪನಿಯದು ತಗೊಳ್ಳಲಿ ಅಂತ ಅವಳೂ ಕೇಳಿದಳು. ಡ್ಯೂಟಿ ರೂಮಿನಲ್ಲಿ ಬಳಸದ ಹಾಳೆಯೊಂದನ್ನು ನೆಲಕ್ಕೆ ಹಾಸಿ, ನಿಲ್ಲು ಎಂದು ಪೆನ್ನಿನಿಂದ ಸುತ್ತ ಗೆರೆ ಎಳೆದೆ. ಮೊದಲು ಬಲಗಾಲು, ಆಮೇಲೆ ಎಡಗಾಲು. ಅವಳು ಬಗ್ಗಿ ಹಾಳೆಯನ್ನು ತುಂಬ ಹೊತ್ತು ನೋಡಿದಳು.

"ಅಕ್ಕ, ಎಡಗಾಲು ದೊಡ್ಡದು!"